ಸೋತ ಪುಸ್ತಕಗಳ ಪಟ್ಟಿಯನ್ನೂ ನೋಡಿ

2016ರಲ್ಲಿ 300 ಫ್ಯಾಂಟಸಿ ಕಾದಂಬರಿಗಳ ನಡುವೆ ಒಂದು ಸ್ಪರ್ಧೆ ನಡೆಯಿತು. ಎಲ್ಲವೂ ಲೇಖಕರೇ ಸ್ವಂತ ಖರ್ಚಿನಲ್ಲಿ ಹೊರತಂದ ಪುಸ್ತಕಗಳು. ಅದರಲ್ಲಿ ಒಂದು, ಅಮೆರಿಕದ ಜೋಸಾಯಾ ಬ್ಯಾಂಕ್ರಾಫ್ಟ್ ಬರೆದ ‘ಸೆನ್ಲಿನ್ ಅಸೆಂಡ್ಸ್’. ಸಣ್ಣ ಊರಿನ ಮೇಷ್ಟ್ರೊಬ್ಬ ಹನಿಮೂನಿಗೆಂದು ಬೇಬೆಲ್ ಗೋಪುರಕ್ಕೆ ಹೋಗುತ್ತಾನೆ. ಗೋಪುರದ ಬುಡದಲ್ಲಿ ಸೇರಿರುವ ಸಂತೆಯ ಗದ್ದಲದಲ್ಲಿ ಹೆಂಡತಿ ಕಳೆದುಹೋಗುತ್ತಾಳೆ. ಅವಳನ್ನು ಹುಡುಕಿಕೊಂಡು ಅವನು ಒಂದೊಂದೇ ಅಂತಸ್ತು ಹತ್ತುತ್ತಾನೆ. ಈ ಪುಸ್ತಕ ಸ್ಪರ್ಧೆಯ ಕೊನೆಯ ಹತ್ತರೊಳಗೆ ಬರಲೇ ಇಲ್ಲ.

ಆದರೆ ಸ್ಪರ್ಧೆ ನಡೆಸುತ್ತಿದ್ದ ಮಾರ್ಕ್ ಲಾರೆನ್ಸ್ ಅದನ್ನು ಓದಿದರು. ಅವರೇ ಹೆಸರಾಂತ ಫ್ಯಾಂಟಸಿ ಲೇಖಕರು. ಓದಿ ಮೆಚ್ಚಿ, ಸಿಕ್ಕಸಿಕ್ಕವರಿಗೆಲ್ಲ ಅದರ ಬಗ್ಗೆ ಹೇಳಿದರು. 2018ರ ಜನವರಿಯಲ್ಲಿ ಆರ್ಬಿಟ್ ಎಂಬ ದೊಡ್ಡ ಪ್ರಕಾಶನ ಅದನ್ನು ಮತ್ತೆ ಹೊರತಂದಿತು. 2016ರ ಸ್ಪರ್ಧೆ ಗೆದ್ದ ಜೊನಾಥನ್ ಫ್ರೆಂಚ್ ಅವರ ‘ದಿ ಗ್ರೇ ಬಾಸ್ಟರ್ಡ್ಸ್’ ಕೂಡ 2018ರಲ್ಲೇ ದೊಡ್ಡ ಪ್ರಕಾಶಕರಿಂದ ಬಂತು. ಗೆದ್ದದ್ದೂ ಸೋತದ್ದೂ ಒಂದೇ ವರ್ಷ ಅಂಗಡಿ ಸೇರಿದವು.

ಹಾಗಾದರೆ ಸ್ಪರ್ಧೆಯಿಂದ ಏನು ಉಪಯೋಗ ಆಯಿತು ಅಂತ ಕೇಳಬಹುದು. ನನ್ನ ಪ್ರಕಾರ ಉಪಯೋಗ ಆಗಿದ್ದೇ ಇದು. ಲಕ್ಷಗಟ್ಟಲೆ ಪುಸ್ತಕಗಳ ನಡುವೆ ಕಳೆದುಹೋಗಿದ್ದ ಒಂದು ಕಾದಂಬರಿ 300ರ ಪಟ್ಟಿಯೊಳಗೆ ಬಂತು. ಓದುವವರ ಕಣ್ಣಿಗೆ ಬಿತ್ತು. ಲೇಖಕರೇ ಪ್ರಕಟಿಸಿದ ಸೈ-ಫೈ, ಫ್ಯಾಂಟಸಿಯಲ್ಲಿ ಒಳ್ಳೆಯದನ್ನು ಹುಡುಕುವುದು ಹೇಗೆ ಎಂಬ ಪ್ರಶ್ನೆಗೆ ಈ ಸ್ಪರ್ಧೆ ಕೊಟ್ಟಷ್ಟು ನೇರ ಉತ್ತರ ಬೇರೆ ಯಾವುದೂ ಕೊಟ್ಟಿಲ್ಲ. ಹಾಗಾಗಿ ಅದರ ಒಳಗೆ ಸ್ವಲ್ಪ ಇಣುಕಿ ನೋಡೋಣ.

ಹೆಸರು ಸೆಲ್ಫ್ ಪಬ್ಲಿಶ್ಡ್ ಫ್ಯಾಂಟಸಿ ಬ್ಲಾಗ್-ಆಫ್. ಎಲ್ಲರೂ ಎಸ್‌ಪಿಎಫ್‌ಬಿಒ ಅನ್ನುತ್ತಾರೆ. ಶುರುವಾಗಿದ್ದು 2015ರಲ್ಲಿ. ಕಾರಣ ಸರಳ. ನಮ್ಮ ಪುಸ್ತಕ ಓದಿ ಅಂತ ಹೊಸ ಲೇಖಕರು ಲಾರೆನ್ಸ್ ಅವರಿಗೆ ಬರೆಯುತ್ತಲೇ ಇದ್ದರು, ಎಲ್ಲವನ್ನೂ ಓದಲು ಒಬ್ಬ ಮನುಷ್ಯನಿಂದ ಆಗುವುದಿಲ್ಲ. ಪುಸ್ತಕ ವಿಮರ್ಶೆ ಬರೆಯುವ ಬ್ಲಾಗುಗಳದ್ದೂ ಅದೇ ಗೋಳು. ಹಾಗಾಗಿ ಲಾರೆನ್ಸ್ ಹತ್ತು ಬ್ಲಾಗುಗಳನ್ನು ಒಟ್ಟು ಮಾಡಿದರು. ಹೆಚ್ಚಿನ ವರ್ಷ 300 ಪುಸ್ತಕಗಳನ್ನು ತಲಾ 30ರಂತೆ ಹಂಚುತ್ತಿದ್ದರು. ಪ್ರತಿ ಬ್ಲಾಗೂ ತನ್ನ ಪಾಲಿನ 30ರಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬೇಕು. ಹೀಗೆ ಉಳಿದ ಹತ್ತನ್ನು ಎಲ್ಲ ಬ್ಲಾಗುಗಳೂ ಓದಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತವೆ. ಸರಾಸರಿ ಜಾಸ್ತಿ ಬಂದದ್ದು ಗೆಲ್ಲುತ್ತದೆ. ಒಬ್ಬ ಲೇಖಕರಿಗೆ ಒಂದೇ ಪುಸ್ತಕ, ಸರಣಿಯಾದರೆ ಮೊದಲ ಭಾಗ. ಪ್ರವೇಶ ಶುಲ್ಕ ಇಲ್ಲ. ಬಹುಮಾನ ಏನು ಗೊತ್ತಾ? ಒಂದು ಸೆಲ್ಫಿ ಸ್ಟಿಕ್.

2021ರಲ್ಲಿ ಇದೇ ಮಾದರಿಯಲ್ಲಿ ವೈಜ್ಞಾನಿಕ ಕಾದಂಬರಿಗಳಿಗೂ ಒಂದು ಸ್ಪರ್ಧೆ ಹುಟ್ಟಿತು. ಅದರ ಹೆಸರು ಸೆಲ್ಫ್ ಪಬ್ಲಿಶ್ಡ್ ಸೈನ್ಸ್ ಫಿಕ್ಷನ್ ಕಾಂಪಿಟಿಷನ್, ಚಿಕ್ಕದಾಗಿ ಎಸ್‌ಪಿಎಸ್‌ಎಫ್‌ಸಿ. ಶುರುಮಾಡಿದವರಲ್ಲಿ ಒಬ್ಬರು ಹ್ಯೂ ಹೌವಿ. ಸ್ವಂತ ಪ್ರಕಟಣೆಯಿಂದಲೇ ಮೇಲೆ ಬಂದವರು. ಮೊದಲ ವರ್ಷ ಗೆದ್ದದ್ದು ಎಸ್. ಎ. ಥೋಲಿನ್ ಅವರ ‘ಐರನ್ ಟ್ರೂತ್’.

ಇಂಥ ಸ್ಪರ್ಧೆಗಳು ಯಾಕೆ ಬೇಕಾದವು ಅನ್ನುವುದು ತಿಳಿಯಬೇಕಾದರೆ ಒಂದಿಷ್ಟು ವರ್ಷ ಹಿಂದಕ್ಕೆ ಹೋಗಬೇಕು. ಇ-ಪುಸ್ತಕ ಓದುವ ಅಮೆಜಾನ್ ಸಾಧನ ಕಿಂಡಲ್ ಬಂದದ್ದು 2007ರ ನವೆಂಬರಿನಲ್ಲಿ. ಯಾರು ಬೇಕಾದರೂ ಇ-ಪುಸ್ತಕ ಹಾಕಬಹುದಾದ ವ್ಯವಸ್ಥೆಯೂ ಜೊತೆಗೇ ಬಂತು. ಆರಂಭದ ವರ್ಷಗಳಲ್ಲಿ ಕಪಾಟು ಅಷ್ಟೊಂದು ತುಂಬಿರಲಿಲ್ಲ. ಹೌವಿ 2011ರಲ್ಲಿ ‘ವೂಲ್’ ಎಂಬ ಒಂದು ನೀಳ್ಗತೆ ಹಾಕಿದರು. ನೆಲದಡಿಯ ಗುಂಡಿಯಂಥ ನಗರದಲ್ಲಿ ಬದುಕುವ ಜನರ ಕತೆ. ಓದಿದವರು ಮುಂದೇನಾಯಿತು ಅಂತ ಕೇಳಿದರು, ಅವರು ಬರೆಯುತ್ತಾ ಹೋದರು. ಅದೇ ಈಗ ‘ಸೈಲೋ’ ಎಂಬ ಟಿವಿ ಸರಣಿ. ಆಂಡಿ ವಿಯರ್ ‘ದಿ ಮಾರ್ಷಿಯನ್’ ಅನ್ನು ಮೊದಲು ತಮ್ಮ ವೆಬ್‌ಸೈಟಿನಲ್ಲಿ ಅಧ್ಯಾಯ ಅಧ್ಯಾಯವಾಗಿ ಪುಕ್ಕಟೆ ಹಾಕಿದ್ದರು. ವಿಜ್ಞಾನ ಗೊತ್ತಿದ್ದ ಓದುಗರು ಲೆಕ್ಕದ ತಪ್ಪುಗಳನ್ನು ಎತ್ತಿ ತೋರಿಸಿದರು. ಕಿಂಡಲ್‌ನಲ್ಲಿ ಓದಲು ಸುಲಭವಾಗಲಿ ಅಂತ ಓದುಗರೇ ಕೇಳಿಕೊಂಡ ಮೇಲೆ 2011ರಲ್ಲಿ 99 ಸೆಂಟಿಗೆ ಹಾಕಿದರು. ಪುಕ್ಕಟೆ ಸಿಗುವಾಗಲೂ ಜನ ದುಡ್ಡು ಕೊಟ್ಟು ಕೊಂಡರು. ಅಂಗಡಿಯ ಪಟ್ಟಿಯಲ್ಲಿ ಮೇಲೇರಿತು, ಮೇಲೇರಿದ್ದರಿಂದ ಇನ್ನಷ್ಟು ಜನ ನೋಡಿದರು. ಆಗ ಮಾರಾಟದ ಪಟ್ಟಿಯೇ ಒಂದು ಜರಡಿಯಾಗಿತ್ತು, ಕೆಲಸವನ್ನೂ ಮಾಡುತ್ತಿತ್ತು.

ಈಗ ಆ ಜರಡಿಯ ತೂತುಗಳೇ ಬದಲಾಗಿವೆ. ಮುಖ್ಯ ಕಾರಣ ದುಡ್ಡಿನ ಲೆಕ್ಕ. 2014ರಲ್ಲಿ ಅಮೆಜಾನ್ ‘ಕಿಂಡಲ್ ಅನ್‌ಲಿಮಿಟೆಡ್’ ಶುರುಮಾಡಿತು. ತಿಂಗಳಿಗೆ ಇಷ್ಟು ಅಂತ ಕಟ್ಟಿದರೆ ಬೇಕಾದಷ್ಟು ಓದಬಹುದು. ಭಾರತಕ್ಕೆ ಅದು ಬಂದದ್ದು 2015ರ ಸೆಪ್ಟೆಂಬರಿನಲ್ಲಿ. ಮೊದಮೊದಲು ಓದುಗ ಪುಸ್ತಕದ ಹತ್ತನೇ ಒಂದು ಭಾಗ ದಾಟಿದರೆ ಲೇಖಕರಿಗೆ ಒಂದು ಮೊತ್ತ ಸಿಗುತ್ತಿತ್ತು. ಪುಸ್ತಕ 20 ಪುಟದ್ದಾದರೂ ಅಷ್ಟೇ, 600 ಪುಟದ್ದಾದರೂ ಅಷ್ಟೇ. ಸಹಜವಾಗಿ ತುಂಡು ಪುಸ್ತಕಗಳ ಸುರಿಮಳೆಯಾಯಿತು. 2015ರ ಜುಲೈನಿಂದ ಓದಿದ ಪುಟಕ್ಕೆ ಇಷ್ಟು ಅಂತ ಲೆಕ್ಕ ಬದಲಾಯಿತು. ಪುಟಕ್ಕೆ ಸಿಗುವುದು ಅರ್ಧ ಸೆಂಟಿನ ಆಸುಪಾಸು, ಹೆಚ್ಚಿನ ತಿಂಗಳು ಅದಕ್ಕಿಂತ ಕಡಿಮೆ. ತಕ್ಷಣ ಪುಸ್ತಕಗಳು ಉದ್ದವಾದವು! ಹಳೆಯ ಪುಸ್ತಕಗಳನ್ನೆಲ್ಲ ಒಂದರೊಳಗೆ ತುರುಕಿ, ಕೊನೆಗೆ ಹಾರಲು ಮೊದಲ ಪುಟದಲ್ಲೇ ಲಿಂಕ್ ಇಟ್ಟು ಪುಟ ಎಣಿಸಿಕೊಳ್ಳುವ ಚಾಲಾಕಿಗಳೂ ಹುಟ್ಟಿಕೊಂಡರು. ಒಂದು ಪುಸ್ತಕಕ್ಕೆ ಒಬ್ಬ ಓದುಗನಿಂದ 3,000 ಪುಟದ ಮೇಲೆ ಲೆಕ್ಕ ಹಿಡಿಯುವುದಿಲ್ಲ ಅಂತ ಮಿತಿ ಹಾಕಬೇಕಾಯಿತು.

ಪ್ರಾಮಾಣಿಕ ಲೇಖಕರ ಮೇಲೂ ಈ ಲೆಕ್ಕದ ನೆರಳಿದೆ. ಒಂದೇ ಕತೆಯನ್ನು ಏಳೆಂಟು ಭಾಗಕ್ಕೆ ಎಳೆಯುವುದು, ವರ್ಷಕ್ಕೆ ಮೂರು ನಾಲ್ಕು ಹೊರತರುವುದು, ಪ್ರತಿ ಅಧ್ಯಾಯದ ಕೊನೆಯಲ್ಲೂ ಒಂದು ಕೊಕ್ಕೆ ಹಾಕುವುದು. ಕೆಲವರು ಇದನ್ನೇ ಬಹಳ ಚೆನ್ನಾಗಿ ಮಾಡುತ್ತಾರೆ. ವಿಲ್ ವೈಟ್ ಅವರ ‘ಕ್ರೇಡಲ್’ ಸರಣಿ 2016ರಿಂದ 2023ರವರೆಗೆ 12 ಭಾಗಗಳಲ್ಲಿ ಬಂತು. ಎಲ್ಲವೂ ಸ್ವಂತ ಪ್ರಕಟಣೆ. ಕತೆ ಜೊಳ್ಳಾಗದೆ ಮುಗಿಯಿತು. ಆದರೆ ಒಂದೇ ಸಂಪುಟದಲ್ಲಿ ಮುಗಿಯುವ, ನಿಧಾನವಾಗಿ ಬೆಳೆಯುವ ಕಾದಂಬರಿ ಈ ಲೆಕ್ಕದಲ್ಲಿ ಹಿಂದೆ ಬೀಳುತ್ತದೆ. ಅನ್‌ಲಿಮಿಟೆಡ್‌ನಲ್ಲಿ ಎರವಲು ಪಡೆದರೂ ಪುಸ್ತಕದ ರ‍್ಯಾಂಕ್ ಏರುತ್ತದೆ. ಅದರ ಮೇಲೆ ಲೇಖಕರು ಕೊಂಡ ಜಾಹೀರಾತು ಬೇರೆ. ಹಾಗಾಗಿ ಹುಡುಕಾಟದ ಮೊದಲ ಪುಟದಲ್ಲಿ ನಿಮಗೆ ಕಾಣುವುದು ಹೆಚ್ಚಾಗಿ ಚೆನ್ನಾಗಿ ಓಡುವ ಪುಸ್ತಕ. ಚೆನ್ನಾಗಿ ಓಡುವುದೂ ಚೆನ್ನಾಗಿರುವುದೂ ಕೆಲವೊಮ್ಮೆ ಒಂದೇ ಆಗಿರುತ್ತದೆ, ಅಷ್ಟೇ.

2023 ಇನ್ನೊಂದು ತಿರುವು. ಆ ಫೆಬ್ರವರಿಯಲ್ಲಿ ಅಮೆರಿಕದ ‘ಕ್ಲಾರ್ಕ್ಸ್‌ವರ್ಲ್ಡ್’ ಎಂಬ ವೈಜ್ಞಾನಿಕ ಕತೆಗಳ ಪತ್ರಿಕೆ ಯಂತ್ರದಿಂದ ಬರೆಸಿದ ಕತೆಗಳ ಪ್ರವಾಹ ತಡೆಯಲಾರದೆ ಸ್ವಲ್ಪ ಕಾಲ ಕತೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಸೆಪ್ಟೆಂಬರಿನಲ್ಲಿ ಅಮೆಜಾನ್ ಒಬ್ಬರು ದಿನಕ್ಕೆ ಮೂರಕ್ಕಿಂತ ಹೆಚ್ಚು ಹೊಸ ಪುಸ್ತಕ ಹಾಕುವಂತಿಲ್ಲ ಎಂಬ ಮಿತಿ ತಂದಿತು. ದಿನಕ್ಕೆ ಮೂರು! ಮಿತಿಯೇ ಇಷ್ಟಿರುವಾಗ ರಾಶಿ ಎಷ್ಟಿರಬಹುದು ಅಂತ ಊಹಿಸಿಕೊಳ್ಳಿ. ಎಸ್‌ಪಿಎಫ್‌ಬಿಒ ಜೊತೆಗೆ ಮುಖಪುಟಗಳಿಗೂ ಒಂದು ಸ್ಪರ್ಧೆ ನಡೆಯುತ್ತಿತ್ತು. ಅದೇ ವರ್ಷ ಗೆದ್ದ ಮುಖಪುಟಕ್ಕೆ ಎಐ ಬಳಸಿದ್ದಾರೆಂದು ಗದ್ದಲವೆದ್ದು, ಕೊನೆಗೆ ಮುಖಪುಟ ಸ್ಪರ್ಧೆಯೇ ನಿಂತುಹೋಯಿತು. ಇದು ಓದುಗರಿಗೂ ನಷ್ಟವೇ. ಮೊದಲು ಒಳ್ಳೆಯ ಮುಖಪುಟ ಕಂಡರೆ, ಈ ಲೇಖಕ ಕಲಾವಿದರಿಗೆ ದುಡ್ಡು ಕೊಟ್ಟು ಮಾಡಿಸಿದ್ದಾನೆ, ಪುಸ್ತಕವನ್ನು ಗಂಭೀರವಾಗಿ ತೆಗೆದುಕೊಂಡಿದ್ದಾನೆ ಅನ್ನುವ ಸುಳಿವಾದರೂ ಸಿಗುತ್ತಿತ್ತು. ಈಗ ಅದೂ ಇಲ್ಲ.

ಸ್ಟಾರ್ ನೋಡಿ ತೀರ್ಮಾನಿಸೋಣ ಅಂದರೆ ಅಲ್ಲೂ ಒಂದು ಮೋಸವಿದೆ. ಸರಣಿಯ ಐದನೇ ಭಾಗಕ್ಕೆ 4.6 ಸ್ಟಾರ್ ಇದ್ದರೆ ಅದು ಬಹಳ ಒಳ್ಳೆಯ ಪುಸ್ತಕ ಎಂದೇನಲ್ಲ. ಇಷ್ಟವಾಗದವರು ಮೊದಲ ಭಾಗದಲ್ಲೇ ಎದ್ದು ಹೋಗಿರುತ್ತಾರೆ. ಐದನೆಯದಕ್ಕೆ ಅಂಕ ಕೊಡುವವರು ಅಭಿಮಾನಿಗಳು ಮಾತ್ರ. ಹಾಗಾಗಿ ಯಾವಾಗಲೂ ಮೊದಲ ಭಾಗದ ಅಂಕ ನೋಡಿ. ಅದರಲ್ಲೂ ಮೂರು ಸ್ಟಾರ್ ಕೊಟ್ಟವರು ಬರೆದದ್ದನ್ನು ಓದಿ. ಐದು ಕೊಟ್ಟವರು ಹೊಗಳುತ್ತಾರೆ, ಒಂದು ಕೊಟ್ಟವರು ಬೈಯುತ್ತಾರೆ. ಮೂರು ಕೊಟ್ಟವರು ಏನಿದೆ, ಏನಿಲ್ಲ ಅಂತ ಹೇಳುತ್ತಾರೆ. “ಯುದ್ಧದ ವಿವರ ಜಾಸ್ತಿ, ಪಾತ್ರಗಳ ಮಾತು ಕಡಿಮೆ” ಅಂತ ಒಬ್ಬರು ಬೇಸರದಿಂದ ಬರೆದಿದ್ದರೆ, ಯುದ್ಧದ ವಿವರ ಇಷ್ಟಪಡುವವರಿಗೆ ಅದೇ ಶಿಫಾರಸು.

ಮತ್ತೆ ಸ್ಪರ್ಧೆಗೆ ಬರುತ್ತೇನೆ. ಅದನ್ನು ಬಳಸಿಕೊಳ್ಳುವುದಕ್ಕೂ ಒಂದು ಕ್ರಮ ಇದೆ. ಹೆಚ್ಚಿನವರು ಗೆದ್ದವರ ಪಟ್ಟಿ ತೆಗೆದು ಮೇಲಿನಿಂದ ಓದಲು ಶುರುಮಾಡುತ್ತಾರೆ. ತಪ್ಪೇನಿಲ್ಲ. ಆದರೆ ಹತ್ತು ಜನರ ಸರಾಸರಿಯಲ್ಲಿ ಗೆಲ್ಲುವುದು ಯಾವ ಥರದ ಪುಸ್ತಕ ಅಂತ ಯೋಚಿಸಿ. ಹತ್ತೂ ಜನ 8 ಕೊಟ್ಟ ಪುಸ್ತಕ, ಐದು ಜನ 10 ಕೊಟ್ಟು ಐದು ಜನ 5 ಕೊಟ್ಟ ಪುಸ್ತಕವನ್ನು ಸೋಲಿಸುತ್ತದೆ. ಮೊದಲನೆಯದು 8, ಎರಡನೆಯದು ಏಳೂವರೆ. ನಿಮ್ಮ ರುಚಿ ಆ 10 ಕೊಟ್ಟ ಐವರ ರುಚಿಯಾಗಿದ್ದರೆ ನಿಮ್ಮ ಪುಸ್ತಕ ಗೆಲ್ಲುವುದಿಲ್ಲ. ವಿಚಿತ್ರವಾದ, ಮೊಂಡಾದ, ಒಬ್ಬರಿಗೆ ಹುಚ್ಚು ಹಿಡಿಸಿ ಇನ್ನೊಬ್ಬರಿಗೆ ತಲೆನೋವು ತರುವ ಪುಸ್ತಕಗಳೆಲ್ಲ ಮಧ್ಯದಲ್ಲೇ ಸಿಕ್ಕಿಬೀಳುತ್ತವೆ.

ಮೊದಲ ಸುತ್ತಿನಲ್ಲಂತೂ ಅದೃಷ್ಟದ ಪಾಲು ಇನ್ನೂ ಜಾಸ್ತಿ. 30ರಲ್ಲಿ ಒಂದೇ ಉಳಿಯಬೇಕು. ಒಂದು ಬ್ಲಾಗಿನ ಪಾಲಿಗೆ ಮೂರು ಒಳ್ಳೆಯ ಪುಸ್ತಕ ಬಂದರೆ ಎರಡು ಹೋಗಲೇಬೇಕು. ಇನ್ನೊಂದರ ಪಾಲಿಗೆ ಒಂದೂ ಬರದಿದ್ದರೂ ಅಲ್ಲಿಂದ ಒಂದು ಮೇಲೆ ಬರುತ್ತದೆ. ಬ್ಲಾಗುಗಳು ತಮ್ಮ ಪಾಲಿನದನ್ನು ಸೋಸುವಾಗ ಮೂರು ನಾಲ್ಕನ್ನು ಕೊನೆಯವರೆಗೂ ಇಟ್ಟುಕೊಂಡು ಒದ್ದಾಡಿರುತ್ತವೆ, ಬಿಟ್ಟದ್ದನ್ನು ಯಾಕೆ ಬಿಟ್ಟೆವು ಅಂತ ಬರೆಯುತ್ತವೆ. ಆ ಬರಹವೇ ಚಿನ್ನ. “ಇದು ಚೆನ್ನಾಗಿತ್ತು, ಆದರೆ ನಮಗೆ ಭಯಾನಕ ಕತೆ ಒಗ್ಗುವುದಿಲ್ಲ” ಎಂಬರ್ಥದ ಒಂದು ಮಾತು ಸಿಕ್ಕರೆ, ಭಯಾನಕ ಕತೆ ಒಗ್ಗುವವರು ನೇರ ಹೋಗಿ ಕೊಳ್ಳಬಹುದು.

ಇದನ್ನು ಒಂದೆರಡು ವರ್ಷ ಗಮನಿಸಿದರೆ ಯಾವ ಬ್ಲಾಗಿನ ರುಚಿ ನಿಮಗೆ ಹತ್ತಿರ ಅಂತ ಗೊತ್ತಾಗುತ್ತದೆ. ನಿಮಗೆ ಸದಾ ವಿರುದ್ಧವಾಗಿರುವವರೂ ಅಷ್ಟೇ ಉಪಯೋಗಕ್ಕೆ ಬರುತ್ತಾರೆ. ಅವರು ಬೋರ್ ಅಂದದ್ದು ನಿಮಗೆ ಹಿಡಿಸುತ್ತದೆ. ಅಲ್ಗಾರಿದಮ್ ಶಿಫಾರಸು ಮಾಡುವಾಗ ಯಾಕೆ ಅಂತ ಹೇಳುವುದಿಲ್ಲ. ಹೆಸರು ಹಾಕಿಕೊಂಡು ಬರೆಯುವ ಓದುಗ ಹೇಳುತ್ತಾನೆ, ಮುಂದಿನ ವರ್ಷ ಅದೇ ಮಾತಿಗೆ ಸಿಕ್ಕಿಬೀಳುತ್ತಾನೆ.

ಇನ್ನು ಸ್ಯಾಂಪಲ್. ಇ-ಪುಸ್ತಕದಂಗಡಿಗಳಲ್ಲಿ ಮೊದಲ ಕೆಲವು ಪುಟ ಪುಕ್ಕಟೆ ಓದಬಹುದು. ಇದು ಹೊಸ ಉಪಾಯವೇನಲ್ಲ. 2010ರಲ್ಲಿ ಅಮೀಶ್ ತಮ್ಮ ಮೊದಲ ಪುಸ್ತಕ ‘ದಿ ಇಮ್ಮಾರ್ಟಲ್ಸ್ ಆಫ್ ಮೆಲೂಹ’ವನ್ನು ಪ್ರಕಾಶಕರು ತಿರಸ್ಕರಿಸಿದ ಮೇಲೆ ತಮ್ಮ ಏಜೆಂಟ್ ಮೂಲಕ ಹೊರತಂದಾಗ, ಮೊದಲ ಅಧ್ಯಾಯವನ್ನಷ್ಟೇ ಪುಟ್ಟ ಪುಸ್ತಿಕೆಯಾಗಿ ಮುದ್ರಿಸಿ ಅಂಗಡಿಗಳಲ್ಲಿ ಪುಕ್ಕಟೆ ಇಟ್ಟಿದ್ದರು. ಅಂಗಡಿಗೆ ಬಂದವರು ಅದನ್ನು ಮನೆಗೆ ಒಯ್ದು ಓದಿ, ಮತ್ತೆ ಬಂದು ಪುಸ್ತಕ ಕೇಳಿದರು.

ಮೊದಲ ಹತ್ತು ಪುಟದಲ್ಲಿ ಏನು ನೋಡಬೇಕು? ನಾನು ಮೊದಲು ನೋಡುವುದು ಹೆಸರುಗಳನ್ನು. ಮೊದಲ ಪುಟದಲ್ಲೇ ಮೂರು ರಾಜ್ಯ, ಎರಡು ದೇವರು, ಒಂದು ಪುರಾತನ ಯುದ್ಧದ ಹೆಸರು ಬಂದರೆ, ಲೇಖಕನಿಗೆ ಕತೆಗಿಂತ ತನ್ನ ಭೂಪಟದ ಮೇಲೆ ಪ್ರೀತಿ ಜಾಸ್ತಿ. ಆಮೇಲೆ ಮಾತುಗಳು. “ತಮ್ಮಾ, ನಿನಗೆ ಗೊತ್ತಿರುವಂತೆ ನಮ್ಮ ತಂದೆ ಉತ್ತರದ ಮಾಂತ್ರಿಕರ ಕೈಯಲ್ಲಿ ಸತ್ತು ಇಂದಿಗೆ ಹತ್ತು ವರ್ಷ” ಎಂಬ ಥರದ ಮಾತು ಕಂಡರೆ ಪುಸ್ತಕ ಮುಚ್ಚಬಹುದು. ತಮ್ಮನಿಗೆ ಗೊತ್ತಿದೆ ಅಂದಮೇಲೆ ಯಾಕೆ ಹೇಳುತ್ತಿದ್ದಾನೆ? ನಮಗಾಗಿ. ಅನುಭವಿ ಸಂಪಾದಕರು ಮೊದಲು ಹೊಡೆದುಹಾಕುವುದು ಇಂಥ ಸಾಲುಗಳನ್ನೇ. ಕಾಗುಣಿತದ ಒಂದೆರಡು ತಪ್ಪನ್ನು ನಾನು ಕ್ಷಮಿಸುತ್ತೇನೆ. ಸಂಪಾದಕರಿಗೆ ಕೊಡಲು ದುಡ್ಡಿಲ್ಲದ ಒಳ್ಳೆಯ ಲೇಖಕರು ಬೇಕಾದಷ್ಟಿದ್ದಾರೆ. ಆದರೆ ಯಾರ ಕಣ್ಣಿನಿಂದ ಕತೆ ನೋಡುತ್ತಿದ್ದೇವೆ ಅನ್ನುವುದು ಪ್ಯಾರಾದಿಂದ ಪ್ಯಾರಾಕ್ಕೆ ತೂಗಾಡುತ್ತಿದ್ದರೆ ಅದು ಮುಂದೆ ಸರಿಹೋಗುವುದಿಲ್ಲ.

ಈ ಪರೀಕ್ಷೆಗೂ ಒಂದು ಮಿತಿ ಇದೆ. 2019ರ ಎಸ್‌ಪಿಎಫ್‌ಬಿಒ ಗೆದ್ದ ಎಂ. ಎಲ್. ವಾಂಗ್ ಅವರ ‘ದಿ ಸೋರ್ಡ್ ಆಫ್ ಕೈಗೆನ್’ ನೋಡಿ. ಹಿಮದ ಬೆಟ್ಟದ ಮೇಲಿನ ಯೋಧರ ಹಳ್ಳಿ, ತನ್ನ ಹಳೆಯ ಬದುಕನ್ನು ಬಚ್ಚಿಟ್ಟುಕೊಂಡ ಒಬ್ಬ ತಾಯಿ, ಶಾಲೆಗೆ ಹೋಗುವ ಅವಳ ಮಗ. ಶುರುವಿನಲ್ಲಿ ಅದು ಬಹಳ ನಿಧಾನ. ಹೊಸ ಪದಗಳೂ ಹೆಚ್ಚು, ವಿವರಣೆಯೂ ಹೆಚ್ಚು. ನಡುವಿಗೆ ಬರುವ ಹೊತ್ತಿಗೆ ಕೈಯಿಂದ ಕೆಳಗಿಡಲು ಆಗುವುದಿಲ್ಲ. ನನ್ನ ಹತ್ತು ಪುಟದ ನಿಯಮದಲ್ಲಿ ಈ ಪುಸ್ತಕ ಫೇಲ್. ಕೆಟ್ಟ ಬರವಣಿಗೆಯನ್ನು ಸ್ಯಾಂಪಲ್ ಹಿಡಿದುಕೊಡುತ್ತದೆ, ಕಾಯಿಸಿ ಫಲ ಕೊಡುವ ಪುಸ್ತಕವನ್ನು ಅದು ಗುರುತಿಸಲಾರದು. ಅದಕ್ಕೆ ಪೂರ್ತಿ ಓದಿದವರೇ ಬೇಕು, “ನೂರೈವತ್ತು ಪುಟ ತಾಳಿಕೊಳ್ಳಿ” ಅಂತ ಹೇಳಲು.

ಬೇರೆ ದಾರಿಗಳೂ ಇವೆ. ಆಡಿಯೊಬುಕ್ ಕೇಳುವವರು ಓದುವ ಕಲಾವಿದರ ಹೆಸರು ಹಿಡಿದು ಹೋಗಬಹುದು. ‘ಕ್ರೇಡಲ್’ ಸರಣಿಗೆ ದನಿ ಕೊಟ್ಟ ಟ್ರಾವಿಸ್ ಬಾಲ್ಡ್ರೀ 2022ರಲ್ಲಿ ತಾವೇ ಒಂದು ಕಾದಂಬರಿ ಬರೆದು ಹೊರತಂದರು. ಕತ್ತಿ ಕೆಳಗಿಟ್ಟು ಕಾಫಿ ಅಂಗಡಿ ತೆರೆಯುವ ಒಬ್ಬ ರಾಕ್ಷಸಿಯ ಕತೆ, ‘ಲೆಜೆಂಡ್ಸ್ ಆ್ಯಂಡ್ ಲಾಟೆಸ್’. ಅದೇ ವರ್ಷ ಟಾರ್ ಎಂಬ ದೊಡ್ಡ ಪ್ರಕಾಶನ ಅದನ್ನು ಎತ್ತಿಕೊಂಡಿತು. ‘ರಾಯಲ್ ರೋಡ್’ ತಾಣದಲ್ಲಿ ನಮ್ಮ ವಾರಪತ್ರಿಕೆಯ ಧಾರಾವಾಹಿಗಳಂತೆ ಕಂತು ಕಂತಾಗಿ ಕಾದಂಬರಿಗಳು ಬರುತ್ತವೆ. ವಿಡಿಯೊ ಗೇಮಿನಂಥ ಆಟದ ನಿಯಮಗಳ ಮೇಲೆ ನಡೆಯುವ ಕತೆ ಇಷ್ಟವಿದ್ದರೆ ಅಲ್ಲಿ ಸುಗ್ಗಿ, ಇಲ್ಲದಿದ್ದರೆ ಸುಮ್ನೆ ಹೊತ್ತು ಹಾಳು. ಕಿಕ್‌ಸ್ಟಾರ್ಟರ್‌ನಲ್ಲಿ ಓದುಗರಿಂದಲೇ ಹಣ ಕೂಡಿಸಿ ಬರೆದವರೂ ಇದ್ದಾರೆ. ಬೆಕಿ ಚೇಂಬರ್ಸ್ ಹಾಗೆ ಮುಗಿಸಿ 2014ರಲ್ಲಿ ತಾವೇ ಪ್ರಕಟಿಸಿದ ಕಾದಂಬರಿಯಿಂದ ಶುರುವಾದ ‘ವೇಫೇರರ್ಸ್’ ಸರಣಿಗೆ 2019ರಲ್ಲಿ ಸೈ-ಫೈ, ಫ್ಯಾಂಟಸಿ ಲೋಕದ ದೊಡ್ಡ ಪ್ರಶಸ್ತಿಯಾದ ಹ್ಯೂಗೋ ಬಂತು.

ಬೆಂಗಳೂರಿನಲ್ಲಿ ಕೂತು ಇದನ್ನೆಲ್ಲ ಓದುವವರಿಗೆ ಒಂದು ಸಣ್ಣ ತೊಡಕಿದೆ. ಚರ್ಚ್ ಸ್ಟ್ರೀಟಿನ ಅಂಗಡಿಗಳಿಗೆ ಇಂಥ ಪುಸ್ತಕ ಬರುವುದು ಹೆಚ್ಚಾಗಿ ದೊಡ್ಡ ಪ್ರಕಾಶಕರು ಎತ್ತಿಕೊಂಡ ಮೇಲೆಯೇ. ಅಲ್ಲಿಯವರೆಗೆ ಕಿಂಡಲ್ಲೇ ಗತಿ. ಭಾರತದ ಲೇಖಕರಿಗೂ ಅದೇ ಕಟ್ಟು. ಇಲ್ಲಿನ ಮಾರಾಟದ ಮೇಲೆ 70% ರಾಯಲ್ಟಿ ಬೇಕಾದರೆ ಇ-ಪುಸ್ತಕವನ್ನು ಅಮೆಜಾನ್ ಬಿಟ್ಟು ಬೇರೆಲ್ಲೂ ಮಾರುವುದಿಲ್ಲ ಅಂತ 90 ದಿನಗಳ ಕರಾರಿಗೆ ಒಪ್ಪಬೇಕು, ಇಲ್ಲದಿದ್ದರೆ 35% ಮಾತ್ರ. ಹಾಗಾಗಿ ಈ ಕರಾರಿಗೆ ಒಪ್ಪಿದವರ ಇ-ಪುಸ್ತಕ ಬೇರೆ ಅಂಗಡಿಗಳಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಕನ್ನಡದ ಕತೆಯೇ ಬೇರೆ. 2016ರ ಕೊನೆಯಲ್ಲಿ ಕಿಂಡಲ್ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಳಗೆ ಹೋದವು, ಕನ್ನಡ ಹೊರಗೆ ಉಳಿಯಿತು. ಹಾಗಂತ ನಮ್ಮಲ್ಲಿ ಸ್ವಂತ ಪ್ರಕಟಣೆ ಇಲ್ಲ ಅಂತಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ನಾಡು ಇದು. ಇವತ್ತಿಗೂ ಸ್ವಂತ ದುಡ್ಡು ಹಾಕಿ ಪುಸ್ತಕ ತರುವ ಲೇಖಕರಿಗೆ ಬರವಿಲ್ಲ, ಪ್ರತಿಲಿಪಿಯಂಥ ಆ್ಯಪುಗಳಲ್ಲಿ ಕಂತು ಬರೆಯುವವರಿಗೂ ಬರವಿಲ್ಲ. ಅದರಲ್ಲಿ ವೈಜ್ಞಾನಿಕ ಕತೆ, ಮಾಯಾಲೋಕದ ಕತೆ ಬರೆಯುವವರೂ ಇದ್ದಾರೆ. ಅವರನ್ನು ಹುಡುಕುವುದು ಹೇಗೆ? ಸದ್ಯಕ್ಕೆ ಲೇಖಕರ ಫೇಸ್‌ಬುಕ್ ಗೋಡೆ, ವಾಟ್ಸ್ಆ್ಯಪ್ ಗುಂಪು, ಬಿಡುಗಡೆ ಸಮಾರಂಭದ ಫೋಟೋ.

ಇವೆಲ್ಲ ಪುಸ್ತಕ ಇದೆ ಅಂತ ತಿಳಿಸುತ್ತವೆ, ಹೇಗಿದೆ ಅಂತ ಹೇಳುವುದಿಲ್ಲ. ಮುನ್ನುಡಿ ಬರೆದವರು ಹೊಗಳಿರುತ್ತಾರೆ, ಬೆನ್ನುಡಿ ಬರೆದವರೂ ಹೊಗಳಿರುತ್ತಾರೆ, ವೇದಿಕೆ ಮೇಲಿದ್ದವರಂತೂ ಹೊಗಳಲೇಬೇಕು. ಒಬ್ಬರಿಗೊಬ್ಬರು ಪರಿಚಯ ಇರುವ ಸಣ್ಣ ಲೋಕ ನಮ್ಮದು. “ನಾನು 30 ಓದಿದೆ, ಇದೊಂದು ಉಳಿಸಿಕೊಂಡೆ, ಉಳಿದದ್ದನ್ನು ಈ ಕಾರಣಕ್ಕೆ ಬಿಟ್ಟೆ” ಅಂತ ಹೆಸರು ಹಾಕಿ ಬರೆಯಲು ನಮಗೆ ಮುಜುಗರ. ಲಾರೆನ್ಸ್ ಸ್ಪರ್ಧೆಗೆ ಕಚೇರಿ ಇಲ್ಲ, ಅನುದಾನ ಇಲ್ಲ. ಹತ್ತು ಬ್ಲಾಗು, ಒಂದು ಕೊನೆಯ ದಿನಾಂಕ, ಅಷ್ಟರಲ್ಲೇ ನಡೆಯಿತು. ಕನ್ನಡದಲ್ಲಿ ಒಂದೇ ವರ್ಷಕ್ಕೆ ಇಂಥ 300 ಪುಸ್ತಕ ಸಿಗುವುದು ಕಷ್ಟ. ಪತ್ತೇದಾರಿ, ಭಯಾನಕ ಕತೆಗಳನ್ನೂ ಸೇರಿಸಿಕೊಂಡು 30 ಪುಸ್ತಕ, ಮೂವರು ಓದುಗರು ಅಂತ ಶುರುಮಾಡಬಹುದು. ಆ ಮೂವರಲ್ಲಿ ಯಾರೂ ಈ ಪುಸ್ತಕಗಳಿಗೆ ಬೆನ್ನುಡಿ ಬರೆದಿರಬಾರದು ಎಂಬ ಒಂದು ನಿಯಮವನ್ನು ಮಾತ್ರ ನಾನು ಸೇರಿಸುತ್ತೇನೆ.